ಬೈಯದೆ ಕೇಳಿ, ನಾವು ಹೇಳುತ್ತೇವೆ: ಆರೋಗ್ಯ ಸಚಿವರಿಗೆ ಬಳ್ಳಾರಿಯಿಂದ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ, ವೈದ್ಯಕೀಯ ಶಿಕ್ಷಣ ಸಚಿವರಿಗೆ, ಆಯುಷ್ ಇಲಾಖೆಯ ಅಧಿಕಾರಿಗಳಿಗೆ, ಮತ್ತು ಬಳ್ಳಾರಿ, ರಾಯಚೂರು, ಕೊಪ್ಪಳದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳನ್ನು ನಡೆಸುವ ಎಲ್ಲರಿಗೂ,

ನಮಸ್ಕಾರ.

ನಾನು ಸಿರುಗುಪ್ಪ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ಟೀಚರ್. ಮನೆ ಬಳ್ಳಾರಿಯಲ್ಲಿ. ನಮ್ಮ ಅವ್ವನಿಗೆ ಬಾಯಿ ಕ್ಯಾನ್ಸರ್. ಮೂವತ್ತು ವರ್ಷ ಎಲೆ-ಅಡಿಕೆ ಜೊತೆ ತಂಬಾಕು ಹಾಕಿದವಳು. ಮೊದಲು ಆಪರೇಷನ್ ಆಯ್ತು, ಆಮೇಲೆ ಕರೆಂಟ್ (ರೇಡಿಯೇಷನ್) ಕೊಡಿಸಿದ್ವಿ, ಒಂದೂವರೆ ವರ್ಷ ಚೆನ್ನಾಗಿದ್ದಳು, ಮತ್ತೆ ಕುತ್ತಿಗೆಯಲ್ಲಿ ಗಂಟು ಬಂತು. ಈಗ ಮೂರು ವಾರಕ್ಕೊಮ್ಮೆ ಬೆಂಗಳೂರಿಗೆ ಹೋಗಿ ಇಮ್ಯುನೋಥೆರಪಿ ಡ್ರಿಪ್ ಹಾಕಿಸಿಕೊಂಡು ಬರುತ್ತೇವೆ. ಜೊತೆಗೆ ಕೆಲವು ಮಾತ್ರೆ.

ಈ ಪತ್ರ ಔಷಧಿ ಸಿಗಲಿಲ್ಲ ಅನ್ನುವ ದೂರಲ್ಲ. ನಾವು ಡಾಕ್ಟರ ಮುಂದೆ ಒಂದು ಸುಳ್ಳು ಹೇಳಿದೆವು. ಯಾಕೆ ಹೇಳಿದೆವು, ಅದರಿಂದ ಏನಾಯ್ತು, ಇನ್ನೊಬ್ಬರು ಹೇಳದ ಹಾಗೆ ನೀವು ಏನು ಮಾಡಬಹುದು ಅನ್ನೋದಷ್ಟೇ ನನ್ನ ಮಾತು.

ಮೊದಲು ಆ ಡ್ರಿಪ್ ಏನು ಅಂತ ನಮ್ಮ ಊರಿನ ಓದುಗರಿಗೆ ಹೇಳಿಬಿಡುತ್ತೇನೆ, ಯಾಕೆಂದರೆ ನನಗೂ ಯಾರೂ ಸರಿಯಾಗಿ ಹೇಳಿರಲಿಲ್ಲ. ಕೀಮೋ ಅಂದರೆ ಕ್ಯಾನ್ಸರ್ ಕಣವನ್ನು ನೇರವಾಗಿ ಸಾಯಿಸುವ ಔಷಧಿ. ಇದು ಹಾಗಲ್ಲ. ನಮ್ಮ ರಕ್ತದಲ್ಲಿ ರೋಗದ ಜೊತೆ ಹೋರಾಡುವ ಬಿಳಿ ಕಣಗಳಿವೆ. ಅವು ಅತಿಯಾಗಿ ಹೋರಾಡಿ ನಮ್ಮ ಮೈಯನ್ನೇ ತಿನ್ನಬಾರದು ಅಂತ ದೇಹವೇ ಅವಕ್ಕೆ ತಡೆ ಇಟ್ಟಿದೆ. ಕ್ಯಾನ್ಸರ್ ಆ ತಡೆಯನ್ನೇ ಒತ್ತಿ ಹಿಡಿದು ಬಚಾವಾಗುತ್ತದೆ. ಈ ಔಷಧಿ ಆ ತಡೆ ತೆಗೆಯುತ್ತದೆ. ಇದನ್ನು ಕಂಡುಹಿಡಿದ ಅಮೆರಿಕದ ಜೇಮ್ಸ್ ಆಲಿಸನ್ ಮತ್ತು ಜಪಾನಿನ ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂತು.

ನಮ್ಮ ಕಡೆಯವರಿಗೆ ಇದು ಬೇಗ ಅರ್ಥ ಆಗಬೇಕು. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿ ಹೋಯಿತಲ್ಲ, ಆ ವಾರ ಬಳ್ಳಾರಿ, ಕೊಪ್ಪಳ, ರಾಯಚೂರಿನ ಯಾವ ರೈತನೂ ನೆಮ್ಮದಿಯಾಗಿ ಮಲಗಲಿಲ್ಲ. ಗೇಟ್ ಇಲ್ಲದ ನೀರು ಯಾರ ಗದ್ದೆ ಅಂತ ನೋಡಲ್ಲ. ಇಮ್ಯುನೋಥೆರಪಿ ಬೇಕು ಅಂತಲೇ ಗೇಟ್ ತೆಗೆಯುತ್ತದೆ. ಬಹಳ ಜನಕ್ಕೆ ನೀರು ಹೋಗಬೇಕಾದ ಕಡೆಗೇ ಹೋಗುತ್ತದೆ. ಕೆಲವರಲ್ಲಿ ದಿಕ್ಕು ತಪ್ಪಿ ಕರುಳಿಗೆ, ಶ್ವಾಸಕೋಶಕ್ಕೆ, ಥೈರಾಯ್ಡ್‌ಗೆ, ಲಿವರ್‌ಗೆ ನುಗ್ಗುತ್ತದೆ. ಆಗ ಡಾಕ್ಟರು ಸ್ಟೀರಾಯ್ಡ್ ಕೊಡುತ್ತಾರೆ. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಅನ್ನುವ ತಾತ್ಕಾಲಿಕ ಗೇಟ್ ಇಳಿಸಿದರಲ್ಲ, ಹಾಗೆ.

ಅದಕ್ಕೇ ಈ ಡ್ರಿಪ್ ತಗೊಳ್ಳುವವರಿಗೆ ಭೇದಿ ಬರೀ ಭೇದಿ ಅಲ್ಲ, ಕೆಮ್ಮು ಬರೀ ಕೆಮ್ಮಲ್ಲ, ಸುಸ್ತು ಬರೀ ಸುಸ್ತಲ್ಲ. ಕೀಮೋದಲ್ಲಿ ಸುಸ್ತಾದರೆ ಎಳನೀರು ಕೊಟ್ಟು ಮಲಗಿಸುವುದು ನಮ್ಮ ಮನೆಗಳ ರೂಢಿ. ಇಲ್ಲಿ ಸುಸ್ತು ಅಂದರೆ ಥೈರಾಯ್ಡ್ ಕೆಟ್ಟಿರಬಹುದು, ಮೆದುಳಿನ ಕೆಳಗಿನ ಪಿಟ್ಯುಟರಿ ಗ್ರಂಥಿ ಊದಿರಬಹುದು. ಡ್ರಿಪ್ ನಿಲ್ಲಿಸಿ ತಿಂಗಳುಗಳಾದ ಮೇಲೂ ಇದು ಬರಬಹುದು. ರಕ್ತ ಪರೀಕ್ಷೆ ಮಾಡದೆ ಯಾರೂ ಕೈಯಿಂದ ಮುಟ್ಟಿ ಹೇಳಲು ಆಗುವುದಿಲ್ಲ.

ಈ ಔಷಧಿ ಬಡವರಿಗಲ್ಲ ಅಂತ ನಾವೂ ಅಂದುಕೊಂಡಿದ್ದೆವು. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ವೈದ್ಯರು ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್ ಇದ್ದ 151 ಜನರ ಮೇಲೆ ಒಂದು ಅಧ್ಯಯನ ಮಾಡಿ 2022ರಲ್ಲಿ ಪ್ರಕಟಿಸಿದರು. ಬೇರೆ ದೇಶಗಳಲ್ಲಿ ಎರಡು ವಾರಕ್ಕೆ 240 ಮಿಲಿಗ್ರಾಂ ಕೊಡುವ ನಿವೊಲುಮ್ಯಾಬ್ ಎಂಬ ಇಮ್ಯುನೋಥೆರಪಿ ಔಷಧಿಯನ್ನು ಇವರು ಮೂರು ವಾರಕ್ಕೆ ಬರೀ 20 ಮಿಲಿಗ್ರಾಂ ಕೊಟ್ಟರು, ಕಡಿಮೆ ಖರ್ಚಿನ ಮಾತ್ರೆಗಳ ಜೊತೆ. ಬರೀ ಮಾತ್ರೆ ತಗೊಂಡವರಲ್ಲಿ ಒಂದು ವರ್ಷ ಬದುಕಿದ್ದವರು ಶೇ 16.3. ಈ ಸಣ್ಣ ಡೋಸ್ ಸೇರಿಸಿದವರಲ್ಲಿ ಶೇ 43.4. ನಮ್ಮ ಅವ್ವನಂಥವರಿಗೆ ದಾರಿ ತೆರೆದದ್ದೇ ಆ ಅಧ್ಯಯನ. ಗುಟ್ಕಾ, ತಂಬಾಕಿನ ನಮ್ಮ ಜಿಲ್ಲೆಗಳಲ್ಲಿ ಮುಂದಿನ ದಿನಗಳಲ್ಲಿ ಈ ಡ್ರಿಪ್ ತಗೊಳ್ಳುವವರು ಜಾಸ್ತಿ ಆಗುತ್ತಾರೆಯೇ ಹೊರತು ಕಡಿಮೆ ಆಗಲ್ಲ. ಅದಕ್ಕೇ ಈಗಲೇ ಬರೆಯುತ್ತಿದ್ದೇನೆ.

ಇನ್ನು ಸೂಜಿಯ ವಿಷಯ. ಇಂಜೆಕ್ಷನ್ ಅಲ್ಲ, ಮೈಯ ಬಿಂದುಗಳಿಗೆ ಸಣ್ಣ ಸೂಜಿ ಚುಚ್ಚುವ ಚೀನಾದ ಚಿಕಿತ್ಸೆ, ಅಕ್ಯುಪಂಕ್ಚರ್.

ಆಪರೇಷನ್ ಆದ ಮೇಲೆ ಅವ್ವನ ಎಡಗೈ ಮೇಲಕ್ಕೆ ಏಳುತ್ತಿರಲಿಲ್ಲ. ಕುತ್ತಿಗೆಯ ಗಂಟು ತೆಗೆದ ಕಡೆಯ ಭುಜ ಕಟ್ಟಿಗೆ ಆಗಿತ್ತು. ತಲೆ ಬಾಚಿಕೊಳ್ಳಲು ಆಗುತ್ತಿರಲಿಲ್ಲ, ಕುಪ್ಪಸದ ತೋಳಿಗೆ ಕೈ ತೂರಿಸಲು ನಾನೇ ಬೇಕಿತ್ತು. ಕರೆಂಟ್ ಕೊಟ್ಟ ಮೇಲೆ ಬಾಯಲ್ಲಿ ಎಂಜಲೇ ಇಲ್ಲ. ಜೋಳದ ರೊಟ್ಟಿ ತಿಂದು ಬೆಳೆದವಳು ಗಂಜಿಯನ್ನು ನೀರಿನ ಜೊತೆ ಗುಟುಕರಿಸುತ್ತಿದ್ದಳು. ಬೆಂಗಳೂರಿನಲ್ಲಿ ಕೇಳಿದರೆ 'ಇದು ಇರುತ್ತೆ, ವ್ಯಾಯಾಮ ಮಾಡಿಸಿ' ಅಂದರು. ಅವರ ತಪ್ಪಲ್ಲ, ಹೊರಗೆ ಇನ್ನೂರು ಜನ ಕಾಯುತ್ತಿದ್ದರು.

ಆಗ ನಮ್ಮ ಶಾಲೆಯ ಹೆಡ್‌ಮಾಸ್ಟರ್ ಬಳ್ಳಾರಿಯಲ್ಲೇ ಒಬ್ಬ ನ್ಯಾಚುರೋಪತಿ ಡಾಕ್ಟರ್ ಅಮ್ಮನ ವಿಷಯ ಹೇಳಿದರು. ಅವರು ಬಿಎನ್‌ವೈಎಸ್ ಓದಿದವರು, ಅಂದರೆ ನ್ಯಾಚುರೋಪತಿ ಮತ್ತು ಯೋಗದ ಡಿಗ್ರಿ, ಅದರಲ್ಲಿ ಅಕ್ಯುಪಂಕ್ಚರ್ ಕೂಡ ಪಾಠ. ಸಣ್ಣ ಕೋಣೆ, ಒಂದು ಮಂಚ, ಗೋಡೆಗೆ ಮೈಯ ಬಿಂದುಗಳ ಚಿತ್ರ. ಮೊದಲ ದಿನ ಅವರು ಸೂಜಿ ತೆಗೆಯಲೇ ಇಲ್ಲ. ಫೈಲು ಪೂರ್ತಿ ಓದಿದರು, ಪ್ಲೇಟ್‌ಲೆಟ್ ಎಷ್ಟಿದೆ, ಬಿಳಿ ರಕ್ತಕಣ ಎಷ್ಟಿದೆ ನೋಡಿದರು. 'ಇವು ಕಡಿಮೆ ಇದ್ದರೆ ನಾನು ಸೂಜಿ ಹಾಕಲ್ಲ, ರಕ್ತ ಬರುತ್ತೆ, ಸೋಂಕು ಆಗುತ್ತೆ' ಅಂದರು. ಎರಡನೇ ದಿನ ಸೀಲ್ ಇದ್ದ ಪ್ಯಾಕೆಟ್ಟನ್ನು ನಮ್ಮ ಕಣ್ಣ ಮುಂದೆ ಹರಿದರು, ಮುಗಿದ ಮೇಲೆ ಸೂಜಿಗಳನ್ನು ಎಣಿಸಿ ಡಬ್ಬಿಗೆ ಹಾಕಿದರು. ಕೂದಲಿಗಿಂತ ಸ್ವಲ್ಪ ದಪ್ಪ ಅಷ್ಟೇ. ಅವ್ವನ ಮಣಿಕಟ್ಟಿನ ಗೆರೆಯ ಮೇಲೆ ಅವ್ವನದೇ ಮೂರು ಬೆರಳು ಇಡಿಸಿ, ಅಲ್ಲಿ ಎರಡು ಸ್ನಾಯುರಜ್ಜುಗಳ ನಡುವೆ ಒತ್ತಿ ತೋರಿಸಿದರು. ಚೀನಾದವರು ಅದಕ್ಕೆ ನೈಗುವಾನ್ ಅನ್ನುತ್ತಾರಂತೆ. ವಾಕರಿಕೆ ಬಂದಾಗ ಸೂಜಿ ಇಲ್ಲದೆಯೂ ಹೆಬ್ಬೆರಳಿನಿಂದ ಒತ್ತಿಕೊಳ್ಳಬಹುದು. ಅವ್ವ ಈಗಲೂ ರೈಲಿನಲ್ಲಿ ಕೂತಾಗ ಆ ಜಾಗ ಒತ್ತಿಕೊಂಡೇ ಕೂರುತ್ತಾಳೆ.

ವಾರಕ್ಕೊಂದು ಸಲದಂತೆ ಎಂಟು ಸಲ ಹೋದೆವು. ಭುಜ ಸಡಿಲ ಆಯ್ತು. ಆರನೇ ವಾರ ಅವಳೇ ತುರುಬು ಕಟ್ಟಿಕೊಂಡಳು. ನಾನು ಬಾಗಿಲಲ್ಲಿ ನಿಂತು ನೋಡಿದೆ, ಏನೂ ಮಾತಾಡಲಿಲ್ಲ. ಬಾಯಿ ಒಣಗುವುದು ಪೂರ್ತಿ ಹೋಗಿಲ್ಲ, ಸ್ವಲ್ಪ ವಾಸಿ, ರಾತ್ರಿ ನೀರಿಗೆ ಏಳುವುದು ಕಡಿಮೆ ಆಗಿದೆ.

ಇದು ಬರೀ ನಂಬಿಕೆ ಅನ್ನುವವರಿಗೆ ಒಂದು ಮಾತು. ನ್ಯೂಯಾರ್ಕ್‌ನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಆಸ್ಪತ್ರೆಯವರು 2010ರಲ್ಲಿ ಇದೇ ತೊಂದರೆಯ 58 ಜನರ ಅಧ್ಯಯನ ಪ್ರಕಟಿಸಿದರು. ಕುತ್ತಿಗೆಯ ಗಂಟು ತೆಗೆಸಿಕೊಂಡು ಭುಜ ಹಿಡಿದಿದ್ದವರು ಅವರು. ಅಕ್ಯುಪಂಕ್ಚರ್ ಪಡೆದವರಲ್ಲಿ ಶೇ 39 ಜನರಿಗೆ ಚೆನ್ನಾಗಿ ಸುಧಾರಿಸಿತ್ತು, ಮಾಮೂಲಿ ಆರೈಕೆಯಲ್ಲಿದ್ದವರಲ್ಲಿ ಶೇ 7. ಬಾಯಿ ಒಣಗುವುದೂ ಕಡಿಮೆ ಆಗಿತ್ತು. ಕೀಮೋದ ವಾಂತಿಗೆ ಸೂಜಿ ಕೆಲಸ ಮಾಡುತ್ತದೆ ಅಂತ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಮಿತಿ 1997ರಲ್ಲೇ ಒಪ್ಪಿತ್ತು. ಕ್ಯಾನ್ಸರ್ ರೋಗಿಗಳ ಕೆಲವು ಬಗೆಯ ನೋವಿಗೆ ಇದನ್ನು ಬಳಸಬಹುದು ಅಂತ ಅಲ್ಲಿನ ಕ್ಯಾನ್ಸರ್ ವೈದ್ಯರ ಸಂಘವೇ 2022ರಲ್ಲಿ ಮಾರ್ಗಸೂಚಿ ಕೊಟ್ಟಿದೆ. ಆದರೆ ಗಮನಿಸಿ. ನೋವಿಗೆ, ವಾಂತಿಗೆ, ಒಣಬಾಯಿಗೆ. ಸೂಜಿ ಹಾಕಿದರೆ ಇಮ್ಯುನೋಥೆರಪಿ ಜಾಸ್ತಿ ಕೆಲಸ ಮಾಡುತ್ತದೆ, ಕ್ಯಾನ್ಸರ್ ಕರಗುತ್ತದೆ ಅಂತ ಮನುಷ್ಯರಲ್ಲಿ ಯಾರೂ ತೋರಿಸಿಲ್ಲ. ನಮ್ಮ ಡಾಕ್ಟರ್ ಅಮ್ಮನೂ ಒಂದು ದಿನವೂ ಹಾಗೆ ಹೇಳಲಿಲ್ಲ. ಹಾಗೆ ಹೇಳುವವರನ್ನು ಕಂಡರೆ ಎದ್ದು ಬನ್ನಿ ಅಂತ ನಾನು ಎಲ್ಲರಿಗೂ ಹೇಳುತ್ತಿದ್ದೇನೆ.

ಇಷ್ಟರ ನಡುವೆ ಗಂಗಾವತಿ ಕಡೆಯ ನಮ್ಮ ಸಂಬಂಧಿಕರೊಬ್ಬರು ಮನೆಗೆ ಬಂದರು. ಪ್ರೀತಿಯಿಂದಲೇ ಬಂದರು, ಅದರಲ್ಲಿ ನನಗೆ ಅನುಮಾನ ಇಲ್ಲ. ಕೈಯಲ್ಲಿ ಒಂದು ಡಬ್ಬಿ. ಮೇಲೆ ಚೀನೀ ಅಕ್ಷರ, ಒಂದು ಕೆಂಪು ಅಣಬೆಯ ಚಿತ್ರ. 'ಇದು ಚೈನಾದ ಸಾವಿರಾರು ವರ್ಷದ ಔಷಧಿ ಯವ್ವಾ, ರೋಗನಿರೋಧಕ ಶಕ್ತಿ ಹೆಚ್ಚು ಮಾಡ್ತೈತಿ, ನಿಂಗ ಕೊಡೋ ಡ್ರಿಪ್ಪೂ ಅದಾ ಮಾಡ್ತೈತಂತಲ್ಲ, ಎರಡೂ ಸೇರಿದ್ರ ಡಬಲ್' ಅಂದರು. ಕೇಳಿದರೆ ಸರಿ ಅನಿಸುವ ಮಾತು ಅಲ್ವಾ? ನನಗೂ ಸರಿ ಅನಿಸಿತು. ದಿನಕ್ಕೆ ನಾಲ್ಕು ಕ್ಯಾಪ್ಸೂಲ್. ಜೊತೆಗೆ ಪಕ್ಕದ ಮನೆಯವರು ಹಿತ್ತಲಿನ ಅಮೃತಬಳ್ಳಿ ಕೊಟ್ಟರು, ಅದರ ಕಷಾಯವನ್ನೂ ಶುರು ಮಾಡಿದೆವು. ಬಾಗಿಲು ಇಲ್ಲದ ಡ್ಯಾಮಿಗೆ ನಾವೇ ಇನ್ನಷ್ಟು ನೀರು ಬಿಡುತ್ತಿದ್ದೇವೆ ಅಂತ ಹೊಳೆಯಲೇ ಇಲ್ಲ.

ಎರಡನೇ ತಿಂಗಳು ಬೆಂಗಳೂರಿನಲ್ಲಿ ರಕ್ತ ಪರೀಕ್ಷೆಯಲ್ಲಿ ಎಸ್‌ಜಿಪಿಟಿ, ಅಂದರೆ ಲಿವರ್‌ಗೆ ಪೆಟ್ಟಾದರೆ ಏರುವ ಅಂಶ, ಸ್ವಲ್ಪ ಏರಿತ್ತು. ಡಾಕ್ಟರು ಚೀಟಿಯಿಂದ ತಲೆ ಎತ್ತದೆ, 'ನಾಟಿ ಔಷಧಿ ಗೀಷಧಿ ಏನೂ ತಗೊಳ್ತಿಲ್ಲ ತಾನೆ?' ಅಂದರು. ಅದಕ್ಕೂ ಮೊದಲೊಮ್ಮೆ, ಪಕ್ಕದ ಬೆಂಚಿನ ಸಿಂಧನೂರಿನ ಅಜ್ಜ ಒಬ್ಬರು ಕಷಾಯ ಕುಡಿಯುತ್ತೇನೆ ಅಂದದ್ದಕ್ಕೆ ಎಲ್ಲರ ಮುಂದೆ 'ಹಾಗಿದ್ದರೆ ಇಲ್ಲಿಗೆ ಯಾಕೆ ಬಂದ್ರಿ, ಅಲ್ಲೇ ಹೋಗಿ' ಅಂತ ಬೈಸಿಕೊಂಡದ್ದನ್ನು ನಾವು ನೋಡಿದ್ದೆವು. ಅಜ್ಜ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಾ ಹೊರಗೆ ಹೋದದ್ದು ನನ್ನ ಕಣ್ಣ ಮುಂದಿತ್ತು. ನಾನು 'ಇಲ್ಲ ಸರ್' ಅಂದೆ. ಅವ್ವ ನನ್ನ ಮುಖ ನೋಡಿದಳು, ಸುಮ್ನೆ ಕೂತಳು. ಡ್ರಿಪ್ ಹಾಕಿದರು.

ಹತ್ತು ದಿನ ಕಳೆಯಿತು. ಸೂಜಿಗೆ ಹೋದ ದಿನ ಅವ್ವ ಮಂಚದ ಮೇಲೆ ಮಲಗಿದ್ದಳು. ಡಾಕ್ಟರ್ ಅಮ್ಮ ಪ್ಯಾಕೆಟ್ ಕೈಗೆ ತಗೊಂಡವರು ಹರಿಯಲಿಲ್ಲ. ಕಿಟಕಿಯ ಪರದೆ ಸರಿಸಿದರು. ಅವ್ವನ ಕೆಳಗಿನ ರೆಪ್ಪೆ ಎಳೆದು ನೋಡಿದರು.

'ಅಮ್ಮಾ, ಎರಡು ದಿನದಿಂದ ಉಚ್ಚೆ ಯಾವ ಬಣ್ಣ ಬರ್ತಿದೆ?'

'ಚಾ ಡಿಕಾಕ್ಷನ್ ಇದ್ದಂಗೈತಿ ಯವ್ವಾ.'

'ಊಟ?'

'ಸೇರವಲ್ದು.'

ಅವರು ಪ್ಯಾಕೆಟ್ಟನ್ನು ಮೇಜಿನ ಮೇಲೆ ಇಟ್ಟರು. 'ಇವತ್ತು ಸೂಜಿ ಇಲ್ಲ. ಇದು ನನ್ನ ಕೆಲಸ ಅಲ್ಲ, ಈಗಲೇ ಆಸ್ಪತ್ರೆಗೆ ಹೋಗಬೇಕು' ಅಂದು, ನನ್ನ ಕಡೆ ತಿರುಗಿ, 'ಮನೆಯಲ್ಲಿ ಇನ್ನೇನು ಕೊಡ್ತಿದ್ದೀರಿ? ನಾನು ಬೈಯಲ್ಲ. ಹೇಳಿ' ಅಂದರು.

'ನಾನು ಬೈಯಲ್ಲ' ಅಂದರಲ್ಲ, ಅಷ್ಟಕ್ಕೇ ನಾನು ಎಲ್ಲ ಹೇಳಿದೆ. ಡಬ್ಬಿ, ಕಷಾಯ, ಬೆಂಗಳೂರಿನಲ್ಲಿ ಹೇಳಿದ ಸುಳ್ಳು, ಎಲ್ಲ. ಅವರು ಡಬ್ಬಿಯನ್ನೂ ಬಳ್ಳಿಯ ತುಂಡನ್ನೂ ಒಂದು ಕವರಿಗೆ ಹಾಕಿಕೊಂಡು ಹೋಗಿ ಅಂದರು, ಚೀಟಿಯಲ್ಲಿ ಬರೆದು ಕೊಟ್ಟರು, ಬೆಂಗಳೂರಿಗೆ ಅವರೇ ಫೋನ್ ಹಚ್ಚಿ ಮಾತಾಡಿದರು. ಸಂಜೆ ಬಳ್ಳಾರಿಯಲ್ಲೇ ರಕ್ತ ಕೊಟ್ಟೆವು. ಎಸ್‌ಜಿಪಿಟಿ ಇರಬೇಕಾದ್ದಕ್ಕಿಂತ ಹತ್ತು ಪಟ್ಟು ಮೇಲೆ. ಅವತ್ತು ರಾತ್ರಿಯೇ ಹಂಪಿ ಎಕ್ಸ್‌ಪ್ರೆಸ್ ಹತ್ತಿದೆವು.

ಆಮೇಲಿನದ್ದು ಉದ್ದ ಮಾಡುವುದಿಲ್ಲ. ಸ್ಟೀರಾಯ್ಡ್ ಕೊಟ್ಟರು, ಸಕ್ಕರೆ ಏರಿತು, ಹತ್ತು ವಾರ ಡ್ರಿಪ್ ನಿಂತಿತು. ಲಿವರ್ ನಿಧಾನಕ್ಕೆ ಹಾದಿಗೆ ಬಂತು. ಈಗ ಮತ್ತೆ ಡ್ರಿಪ್ ಶುರುವಾಗಿದೆ. ಯಾವುದರಿಂದ ಆಯ್ತು ಅಂತ ಕೇಳಿದರೆ ಅಲ್ಲಿನ ಹಿರಿಯ ವೈದ್ಯರು ಶಾಂತವಾಗಿ ಹೇಳಿದರು: ಡ್ರಿಪ್ ಇರಬಹುದು, ಮಾತ್ರೆ ಇರಬಹುದು, ಕ್ಯಾಪ್ಸೂಲ್ ಇರಬಹುದು, ಬಳ್ಳಿ ಇರಬಹುದು, ನಾಲ್ಕೂ ಒಟ್ಟಿಗೆ ಒಳಗಿದ್ದಾಗ ಬಿಡಿಸಿ ಹೇಳಲು ಆಗಲ್ಲ. ನನ್ನನ್ನು ಜಾಸ್ತಿ ಕಾಡುವುದು ಇದೇ. ಡ್ರಿಪ್ ಕಾರಣ ಆಗಿದ್ದರೆ ಅದನ್ನು ಪೂರ್ತಿ ನಿಲ್ಲಿಸಬೇಕಾಗಬಹುದಿತ್ತು. ಕ್ಯಾಪ್ಸೂಲ್ ಕಾರಣ ಆಗಿದ್ದರೆ ಹತ್ತು ವಾರ ಸುಮ್ನೆ ಕಳೆದೆವು. ಗಂಟು ಇರುವವರಿಗೆ ಹತ್ತು ವಾರ ಅಂದರೆ ಏನು ಅಂತ ನಿಮಗೆ ಗೊತ್ತು.

ಚೀನೀ ವೈದ್ಯವೇ ಮೋಸ ಅಂತ ನಾನು ಹೇಳುತ್ತಿಲ್ಲ. ಮಲೇರಿಯಾದಿಂದ ಲಕ್ಷಾಂತರ ಜನರನ್ನು ಉಳಿಸಿದ ಆರ್ಟೆಮಿಸಿನಿನ್ ಅಲ್ಲಿನ ಒಂದು ಗಿಡಮೂಲಿಕೆಯಿಂದಲೇ ಬಂತು, ಅದಕ್ಕೆ ತು ಯುಯು ಅವರಿಗೆ 2015ರಲ್ಲಿ ನೊಬೆಲ್ ಬಂತು. ಒಂದು ಬಗೆಯ ರಕ್ತ ಕ್ಯಾನ್ಸರ್‌ಗೆ ಇವತ್ತು ಜಗತ್ತೆಲ್ಲ ಕೊಡುವ ಆರ್ಸೆನಿಕ್ ಟ್ರೈಆಕ್ಸೈಡ್ ಹಾರ್ಬಿನ್ ಊರಿನ ವೈದ್ಯರು ಹಳೆಯ ಪಾಷಾಣದ ಔಷಧಿಯಿಂದ ತೆಗೆದದ್ದು. ಆದರೆ ಎರಡನ್ನೂ ಶುದ್ಧ ಮಾಡಿ, ಅಳೆದು, ಪರೀಕ್ಷೆ ಮಾಡಿ, ಡೋಸ್ ಗೊತ್ತು ಮಾಡಿ ಕೊಟ್ಟರು. ಅದೇ ಚೀನೀ ಮೂಲಿಕೆಯ ಹೆಸರಿನಲ್ಲಿ 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸಲು ಕೊಟ್ಟ ಗುಳಿಗೆಯಲ್ಲಿ ಅರಿಸ್ಟೊಲೋಕಿಯ ಎಂಬ ಬಳ್ಳಿ ಸೇರಿ ನೂರಕ್ಕೂ ಹೆಚ್ಚು ಹೆಂಗಸರ ಕಿಡ್ನಿ ಹಾಳಾಯಿತು, ಮುಂದೆ ಅವರಲ್ಲಿ ಹಲವರಿಗೆ ಮೂತ್ರನಾಳದ ಕ್ಯಾನ್ಸರ್ ಬಂತು. ಕೂದಲು ಕಪ್ಪಾಗಲಿ ಅಂತ ತಿನ್ನುವ ಹೆ ಶೌ ವು ಎಂಬ ಬೇರು ಲಿವರ್ ಕೆಡಿಸಿದ ಪ್ರಕರಣಗಳು ಬಹಳ ಇವೆ. ಶಕ್ತಿಗೆ ಅಂತ ಮಾರುವ ಜಿನ್‌ಸೆಂಗ್ ಬೇರು, ಹುವಾಂಗ್ ಚಿ ಬೇರು, ಲಿಂಗ್‌ಝಿ ಅಣಬೆ ಇವೆಲ್ಲ ರೋಗನಿರೋಧಕ ಕಣಗಳನ್ನೇ ಕೆಣಕುವಂಥವು. ತಡೆ ತೆಗೆದ ಮೈಗೆ ಅದನ್ನು ಡಾಕ್ಟರಿಗೆ ಗೊತ್ತಿಲ್ಲದೆ ಹಾಕಬಾರದು, ಅಷ್ಟೇ.

ನಮ್ಮ ಅಮೃತಬಳ್ಳಿಯ ವಿಷಯವೂ ಇದೇ. ಕೊರೊನಾ ಕಾಲದಲ್ಲಿ ಊರೆಲ್ಲ ಕುಡಿಯಿತು. 2021ರಲ್ಲಿ ಮುಂಬೈನ ಲಿವರ್ ವೈದ್ಯರು ಅದನ್ನು ಕುಡಿದು ಲಿವರ್ ಊದಿದ ಆರು ಜನರ ಬಗ್ಗೆ ಬರೆದರು. ಅವರಲ್ಲಿ ಕಂಡದ್ದು ದೇಹವೇ ತನ್ನ ಲಿವರ್ ಮೇಲೆ ದಾಳಿ ಮಾಡುವಂಥ ಕಾಯಿಲೆ. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ಗಿಡ ಗುರುತಿಸಿದ್ದರಲ್ಲಿ ತಪ್ಪಿರಬಹುದು ಅಂದಿತು. ಆ ಜಗಳ ದೊಡ್ಡವರದ್ದು. ಆದರೆ ಇಮ್ಯುನೋಥೆರಪಿಯಿಂದಲೂ ಲಿವರ್ ಮೇಲೆ ಅಂಥದ್ದೇ ದಾಳಿ ಆಗುತ್ತದೆ ಅಂದಮೇಲೆ, ಆ ಡ್ರಿಪ್ ಮೇಲಿರುವ ಒಬ್ಬ ಹೆಣ್ಣುಮಗಳಿಗೆ ಈ ಬಳ್ಳಿಯ ಕಷಾಯ ಬೇಡ ಅಂತ ಹೇಳಲು ಆ ಜಗಳ ಮುಗಿಯುವ ತನಕ ಕಾಯಬೇಕಾ?

ಈಗ ನನ್ನ ಕೇಳಿಕೆಗೆ ಬರುತ್ತೇನೆ.

ಬಳ್ಳಾರಿಯಲ್ಲಿ ದೊಡ್ಡ ಮೆಡಿಕಲ್ ಕಾಲೇಜು ಇದೆ. ಅದೇ ಊರಿನಲ್ಲಿ ಪಂಡಿತ ತಾರಾನಾಥರ ಹೆಸರಿನ ಸರ್ಕಾರಿ ಆಯುರ್ವೇದ ಕಾಲೇಜೂ ಇದೆ. ತುಂಗಭದ್ರೆಯ ದಂಡೆಯಲ್ಲಿ ಪ್ರೇಮಾಯತನ ಕಟ್ಟಿ ಜನರಿಗೆ ಮದ್ದು ಕೊಟ್ಟವರು ಅವರು. ಒಂದೇ ಊರು. ಆದರೂ ರೋಗಿಯ ಫೈಲು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವುದಿಲ್ಲ, ರೋಗಿಯೇ ಕದ್ದು ಹೋಗಿ ಬರುತ್ತಾನೆ. ನ್ಯೂಯಾರ್ಕ್‌ನ ಆ ಆಸ್ಪತ್ರೆಯಲ್ಲಿ ಅಕ್ಯುಪಂಕ್ಚರ್ ಮಾಡುವವರು ಅದೇ ಸಂಸ್ಥೆಯೊಳಗೆ ಇರುತ್ತಾರೆ, ಕ್ಯಾನ್ಸರ್ ಡಾಕ್ಟರು ಬರೆದದ್ದನ್ನು ಓದಿಯೇ ಸೂಜಿ ಹಿಡಿಯುತ್ತಾರೆ. ನಮಗೆ ಅಷ್ಟು ದೊಡ್ಡದು ಬೇಡ. ಬಳ್ಳಾರಿ, ರಾಯಚೂರು, ಕೊಪ್ಪಳದ ಮೂರೂ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಒಂದೊಂದು ಕೋಣೆ, ಅಲ್ಲಿ ಒಬ್ಬ ಬಿಎನ್‌ವೈಎಸ್ ಡಾಕ್ಟರ್, ವಾರಕ್ಕೆರಡು ದಿನ. ವಾಂತಿ, ಭುಜ ನೋವು, ಒಣಬಾಯಿಗೆ ಸೂಜಿ. ಹಾಕುವ ಮೊದಲು ರಕ್ತದ ವರದಿ ನೋಡುವುದು ಕಡ್ಡಾಯ. ಒಂದು ಸಲ ಬಳಸಿದ ಸೂಜಿ ಮತ್ತೆ ಬಳಸಕೂಡದು, ಇದನ್ನು ಹೇಳಬೇಕಾಗಿ ಬಂದದ್ದೇ ಬೇಸರ, ಆದರೆ ಸ್ಪಿರಿಟ್‌ನಲ್ಲಿ ಒರೆಸಿ ಮತ್ತೊಬ್ಬರಿಗೆ ಚುಚ್ಚುವುದನ್ನು ನಾನು ಬೇರೊಂದು ಕಡೆ ನನ್ನ ಕಣ್ಣಾರೆ ನೋಡಿದ್ದೇನೆ.

ಯಾರು ಸೂಜಿ ಹಿಡಿಯಬಹುದು ಅನ್ನುವುದಕ್ಕೂ ನಮ್ಮಲ್ಲಿ ಒಂದು ಗಟ್ಟಿ ವ್ಯವಸ್ಥೆ ಬೇಕು. ಚೀನಾಕ್ಕೆ 1938ರಲ್ಲಿ ಹೋದ ಭಾರತದ ವೈದ್ಯರ ತಂಡದಲ್ಲಿ ನಮ್ಮ ನೆರೆಯ ಸೊಲ್ಲಾಪುರದ ದ್ವಾರಕಾನಾಥ ಕೋಟ್ನಿಸ್ ಇದ್ದರು, ಅಲ್ಲೇ ಸೇವೆ ಮಾಡುತ್ತಾ 1942ರಲ್ಲಿ ತೀರಿಕೊಂಡರು. ಅದೇ ತಂಡದ ಬಿ.ಕೆ. ಬಸು ಮುಂದೆ ಚೀನಾದಲ್ಲಿ ಈ ಸೂಜಿ ವಿದ್ಯೆ ಕಲಿತು ಕೊಲ್ಕತ್ತಾಕ್ಕೆ ತಂದರು. ಪಶ್ಚಿಮ ಬಂಗಾಳ 1996ರಲ್ಲೇ ಇದಕ್ಕೆ ಕಾನೂನು ಮಾಡಿತು. ಕೇಂದ್ರ ಸರ್ಕಾರ 2019ರಲ್ಲಿ ಅಕ್ಯುಪಂಕ್ಚರ್ ಅನ್ನು ಸ್ವತಂತ್ರ ಪದ್ಧತಿ ಅಂತ ಒಪ್ಪಿಕೊಂಡಿತು. ಆದರೂ ಬಳ್ಳಾರಿಯ ಒಂದು ಬೀದಿಯಲ್ಲಿ ಬೋರ್ಡು ಕಂಡರೆ ಒಳಗಿರುವವರು ಐದೂವರೆ ವರ್ಷ ಓದಿದವರಾ, ವಾರಾಂತ್ಯದ ಕೋರ್ಸ್ ಮಾಡಿದವರಾ ಅಂತ ನನ್ನಂಥವಳಿಗೆ ಗೊತ್ತಾಗುವುದು ಹೇಗೆ? ನಮ್ಮ ಡಾಕ್ಟರ್ ಅಮ್ಮ ಸಿಕ್ಕದ್ದು ಅದೃಷ್ಟ. ಅವ್ವನ ಲಿವರ್ ಅದೃಷ್ಟದ ಮೇಲೆ ನಿಲ್ಲಬಾರದಿತ್ತು.

ಡಬ್ಬಿ ಮಾರುವವರ ವಿಷಯಕ್ಕೆ ಹೊಸ ಕಾನೂನೂ ಬೇಡ. ಕ್ಯಾನ್ಸರ್ ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡುವುದು 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆಯ ಪ್ರಕಾರ ಅಪರಾಧ, ಅದರ ಪಟ್ಟಿಯಲ್ಲಿ ಕ್ಯಾನ್ಸರ್ ಹೆಸರು ಬರೆದೇ ಇದೆ. ಆದರೂ ನಮ್ಮ ಬಸ್‌ಸ್ಟ್ಯಾಂಡಿನ ಗೋಡೆಗಳನ್ನು, ವಾಟ್ಸಾಪ್ ಗುಂಪುಗಳನ್ನು ಒಂದು ದಿನ ನೋಡಿ. ಜಿಲ್ಲಾ ಆಡಳಿತ ಮನಸ್ಸು ಮಾಡಿದರೆ ಒಂದು ತಿಂಗಳ ಕೆಲಸ. ಔಷಧಿಯಿಂದ ತೊಂದರೆ ಆದರೆ ಹೇಳಲು 1800-180-3024 ಅಂತ ಕೇಂದ್ರದ ಉಚಿತ ಫೋನ್ ನಂಬರ್ ಇದೆ, ರೋಗಿಯ ಮನೆಯವರೂ ಹೇಳಬಹುದು. ಇದು ನನಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ. ಈ ನಂಬರನ್ನು ಒಪಿಡಿ ಚೀಟಿಯ ಹಿಂದೆ ಅಚ್ಚು ಹಾಕಿಸಲು ಎಷ್ಟು ಖರ್ಚು ಬರುತ್ತದೆ?

ಎಲ್ಲಕ್ಕಿಂತ ಮೊದಲು ಬೇಕಾದದ್ದು ಒಂದು ಕಾರ್ಡು. ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ. ಇಮ್ಯುನೋಥೆರಪಿ ತಗೊಳ್ಳುವ ಪ್ರತಿಯೊಬ್ಬರ ಕೈಯಲ್ಲೂ ಅದು ಇರಬೇಕು. ಇವರಿಗೆ ಈ ಔಷಧಿ ನಡೆಯುತ್ತಿದೆ, ಭೇದಿ, ದಮ್ಮು, ಹಳದಿ ಕಣ್ಣು, ಡಿಕಾಕ್ಷನ್ ಬಣ್ಣದ ಮೂತ್ರ, ವಿಪರೀತ ತಲೆನೋವು, ತಡೆಯಲಾರದ ಸುಸ್ತು ಕಂಡರೆ ಮನೆ ಮದ್ದು ಮಾಡಬೇಡಿ, ಅವತ್ತೇ ಈ ನಂಬರಿಗೆ ಫೋನ್ ಮಾಡಿ ಅಂತ. ಮಾನ್ವಿಯಲ್ಲೋ ಕುಷ್ಟಗಿಯಲ್ಲೋ ರಾತ್ರಿ ಹೊತ್ತು ಒಬ್ಬ ಎಂಬಿಬಿಎಸ್ ಡಾಕ್ಟರ ಮುಂದೆ ಇವರು ಹೋಗಿ ಕೂತಾಗ, ಕೀಮೋ ಭೇದಿ ಅಂತ ಗ್ಲೂಕೋಸ್ ಹಾಕಿ ಕಳಿಸದೆ ಅವರೂ ಇದನ್ನು ಓದಲಿ. ಬೆಂಗಳೂರು ನಮಗೆ ಒಂದು ರಾತ್ರಿಯ ದೂರ. ರಾಯಚೂರಿಗೆ ಏಮ್ಸ್ ಬೇಕು ಅಂತ 2022ರಿಂದ ಜನ ಧರಣಿ ಕೂತದ್ದು ಯಾಕೆ ಅಂತ ಬೇರೆ ಹೇಳಬೇಕಾಗಿಲ್ಲ. ಅದು ಬರುವಾಗ ಬರಲಿ. 371(ಜೆ) ಅಡಿಯಲ್ಲಿ ಕಲ್ಯಾಣ ಕರ್ನಾಟಕಕ್ಕೆ ಬರುವ ದುಡ್ಡಿನಲ್ಲಿ ಒಂದು ಕಾರ್ಡು, ಒಂದು ಫೋನು, ಅದನ್ನು ಎತ್ತಲು ಒಬ್ಬ ನರ್ಸಕ್ಕ ಇವತ್ತೇ ಆಗಬಹುದು.

ಆ ಕಾರ್ಡಿನ ಹಿಂದೆ ಒಂದು ಪ್ರಶ್ನೆ ಇರಲಿ, ಪ್ರತಿ ಡ್ರಿಪ್ ದಿನ ಅದನ್ನು ಬಾಯಿಬಿಟ್ಟು ಕೇಳಲಿ. ಅವ್ವಾ, ಕಳೆದ ಮೂರು ವಾರದಲ್ಲಿ ಆಸ್ಪತ್ರೆ ಔಷಧಿ ಬಿಟ್ಟು ಬೇರೆ ಏನೇನು ತಗೊಂಡ್ರಿ, ಕಷಾಯ, ಪುಡಿ, ಕ್ಯಾಪ್ಸೂಲ್, ಸೂಜಿ, ಏನಿದ್ದರೂ ಹೇಳಿ, ನಾವು ಬೈಯಲ್ಲ. ಕೇಳುವವರು ಡಾಕ್ಟರೇ ಆಗಬೇಕಿಲ್ಲ, ನರ್ಸಕ್ಕ ಕೇಳಿದರೂ ಸಾಕು, ನಮ್ಮ ಜನ ಅವರಿಗೆ ಬೇಗ ಹೇಳುತ್ತಾರೆ. ಹೇಳಿದ್ದನ್ನು ಫೈಲಿನಲ್ಲಿ ಬರೆದುಕೊಳ್ಳಲಿ. ಕ್ಯಾನ್ಸರ್ ಬಂದ ಮನೆಗೆ ನೂರು ಜನ ಬರುತ್ತಾರೆ, ಪ್ರತಿಯೊಬ್ಬರ ಕೈಯಲ್ಲೂ ಒಂದು ಮದ್ದು ಇರುತ್ತದೆ, ಬೇಡ ಅನ್ನಲು ಬಾಯಿ ಬರುವುದಿಲ್ಲ. ಇಂಥ ಮನೆಯಿಂದ ಬಂದವರನ್ನು ಅಪರಾಧಿಯ ಹಾಗೆ ನಿಲ್ಲಿಸಿದರೆ ಅವರು ಸುಳ್ಳೇ ಹೇಳುತ್ತಾರೆ. ನಾನು ಓದಿದವಳು, ನಾನೇ ಹೇಳಿದೆ.

ಕಾರ್ಡಿನ ಕನ್ನಡವನ್ನು ನಾನೇ ಬರೆದು ಇಟ್ಟಿದ್ದೇನೆ. ನಮ್ಮ ಶಾಲೆಯ ಬಿಸಿಯೂಟದ ಅಕ್ಕಂದಿರಿಗೆ ಓದಿ ಹೇಳಿದೆ, ಅವರಿಗೆ ಅರ್ಥವಾಗದ ಎರಡು ಮಾತು ತೆಗೆದೆ. ವೈದ್ಯರು ತಿದ್ದಿ ಕೊಡಲಿ. ಅವ್ವನ ಮುಂದಿನ ಡ್ರಿಪ್ ಬರುವ ಮಂಗಳವಾರ. ಅವಳ ಚೀಲದಲ್ಲಿ ಈಗ ಒಂದು ಇನ್ನೂರು ಪುಟದ ನೋಟ್‌ಬುಕ್ ಇದೆ. ತಿಂದದ್ದು, ಕುಡಿದದ್ದು, ಸೂಜಿ ಹಾಕಿಸಿದ ದಿನ, ಮೂತ್ರದ ಬಣ್ಣ, ಎಲ್ಲ ಬರೆದಿದ್ದೇವೆ. ಕೊನೆಯ ಪುಟದಲ್ಲಿ ಆ ಕಾರ್ಡಿನ ಕರಡು ಅಂಟಿಸಿದೆ. ನಿಮ್ಮಿಂದ ಉತ್ತರ ಬಂದರೆ ಅದನ್ನು ಬಿಡಿಸಿ ನಿಮಗೆ ಕಳಿಸುತ್ತೇನೆ.

ಇಂತಿ ನಿಮ್ಮ,
ಬಳ್ಳಾರಿಯ ಒಬ್ಬ ಮಗಳು, ಸರ್ಕಾರಿ ಶಾಲೆಯ ಶಿಕ್ಷಕಿ